ಹನ್ನೊಂದೂಕಾಲರ ನಡುಕ

ಭಾನುವಾರದ ಆರಾಧನೆಯ ನಂತರ ನೂರು ಜನ ಊಟಕ್ಕೆ ಕೂತರೆ ಹನ್ನೆರಡು ಕೆಜಿ ಅಕ್ಕಿ ಸಾಕು. ಉಪವಾಸ ಪ್ರಾರ್ಥನೆಯ ಶುಕ್ರವಾರ ಬರುವುದು ಅರವತ್ತೇ ಜನ, ಅಕ್ಕಿ ಹನ್ನೊಂದು ಕೆಜಿ. ಅಡಿಗೆಮನೆಯ ಮೊಳೆಗೆ ಸಿಕ್ಕಿಸಿದ್ದ ಹೋದ ವರ್ಷದ ಚೀಟಿಗಳಲ್ಲಿ ಇದನ್ನು ನೋಡಿ, ಯಾರೋ ತಪ್ಪು ಬರೆದಿದ್ದಾರೆ ಎಂದುಕೊಂಡೆ. ನಾಲ್ಕು ಚೀಟಿ ತಿರುವಿದೆ. ನಾಲ್ಕರಲ್ಲೂ ಅಷ್ಟೇ. ನಮ್ಮ ಸಭೆಯಲ್ಲಿ ಉಪವಾಸ ಇದ್ದವರೇ ಹೆಚ್ಚು ಉಂಡಿದ್ದರು.

ನಾನು ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಬೆಳಗಿನ ಜಾವ ತರಕಾರಿ ಎತ್ತಿ, ನಮ್ಮ ಕರಾವಳಿಯವರು ನಡೆಸುವ ಹತ್ತು ಹನ್ನೆರಡು ಹೋಟೆಲುಗಳಿಗೆ ಹಾಕುವವನು. ಕೊಳೆತ ಟೊಮೆಟೊ ಆರಿಸುವ ಕೆಲಸದಿಂದ ಮೇಲೆ ಬಂದವನಾದ್ದರಿಂದ ಇನ್ನೊಬ್ಬರು ಹೇಳಿದ ತೂಕವನ್ನು ನಂಬುವ ಅಭ್ಯಾಸ ನನಗಿಲ್ಲ. ಈ ವರ್ಷ ಲೆಂಟಿನ ಏಳು ಶುಕ್ರವಾರಗಳ ಅಡಿಗೆ ನನ್ನ ತಲೆಗೆ ಬಂತು. ಲೆಂಟ್ ಎಂದರೆ ಈಸ್ಟರಿಗೆ ಮುಂಚೆ ಯೇಸುವಿನ ಯಾತನೆಯನ್ನು ನೆನೆಯುವ ನಲವತ್ತು ದಿನ. ಪೆರಂಬೂರಿನ ಒಂದು ತಮಿಳು ಚರ್ಚಿನ ಹಿಂದಿನ ಹಾಲ್‌ನಲ್ಲಿ ಕೂಡುವ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆ ಆ ದಿನಗಳಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆಯಿಂದ ಬರಿಹೊಟ್ಟೆಯಲ್ಲಿದ್ದು, ಹತ್ತರಿಂದ ಒಂದರವರೆಗೆ ಪ್ರಾರ್ಥಿಸಿ, ಆಮೇಲೆ ಒಟ್ಟಿಗೆ ಉಣ್ಣುತ್ತದೆ.

ಕೆಲಸ ಒಪ್ಪಿಸಿದವರು ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು. ಮೈಸೂರು ಕಡೆಯವರು, ಜೋರಾಗಿ ಮಾತಾಡಿದವರಲ್ಲ.

"ನಿಮಗೆ ತರಕಾರೀನೂ ಗೊತ್ತು, ಜನಾನೂ ಗೊತ್ತು. ಈ ಸಲ ಸ್ವಲ್ಪ ಮಿತವಾಗಿ ಆಗ್ಲಿ. ನಾನು ಮಿತ ಅಂತ ಪ್ರಸಂಗ ಮಾಡ್ತಿರ್ತೀನಿ, ಹಿಂದಿನಿಂದ ಕೇಸರಿಬಾತ್ ವಾಸನೆ ಬರುತ್ತೆ. ಜನ ಯಾವುದನ್ನ ನಂಬ್ತಾರೆ ಹೇಳಿ?"

"ಎಷ್ಟು ಕಡಿಮೆ ಮಾಡ್ಬೇಕು ಅಯ್ಯನವರೆ? ಒಂದು ಅಳತೆ ಹೇಳಿ."

"ಅದು ಗೊತ್ತಿದ್ರೆ ನಿಮ್ಮನ್ನ ಯಾಕ್ರೀ ಕರೀತಿದ್ದೆ?"

ಅಡಿಗೆ ವಹಿಸಿಕೊಳ್ಳುವವರಿಗೆ ನನ್ನದೊಂದು ಮಾತು: ಮೊದಲ ದಿನ ಏನನ್ನೂ ಬದಲಿಸಬೇಡಿ. ನಿಂತು ನೋಡಿ. ಮೊದಲ ಶುಕ್ರವಾರ ಹಳೆಯ ಚೀಟಿಯಲ್ಲಿದ್ದಂತೆಯೇ ಹನ್ನೊಂದು ಕೆಜಿ ಅಕ್ಕಿ, ಸಾಂಬಾರು, ಎರಡು ಪಲ್ಯ, ಹಪ್ಪಳ, ಕೇಸರಿಬಾತ್ ಮಾಡಿಸಿದೆ. ಅಡಿಗೆಮನೆಗೂ ಹಾಲಿಗೂ ನಡುವಿನ ಗೋಡೆಯಲ್ಲಿ ಬಡಿಸುವ ಪಾತ್ರೆ ದಾಟಿಸಲು ಒಂದು ಕಿಂಡಿಯಿದೆ. ಕಿಂಡಿಯ ಮೇಲೆ ಗಡಿಯಾರ. ಕೊಪ್ಪರಿಗೆಯ ನೀರು ಕುದಿಸಿ ಹನ್ನೊಂದೂಕಾಲಕ್ಕೆ ಅಕ್ಕಿ ಹಾಕಿದರೆ ಒಂದು ಗಂಟೆಗೆ ಅನ್ನ ಬಡಿಸುವ ಹದಕ್ಕೆ ಬರುತ್ತದೆ. ಹಾಗಾಗಿ ಪ್ರತಿ ಶುಕ್ರವಾರ ಆ ಹೊತ್ತಿಗೆ ನನ್ನ ಕಣ್ಣು ಗಡಿಯಾರದ ಮೇಲೆ, ಅದರ ಕೆಳಗಿನ ಕಿಂಡಿಯ ಮೂಲಕ ಹಾಲಿನ ಮೇಲೆ.

ಅಲ್ಲಿ ಎರಡನೇ ಸಾಲಿನಲ್ಲಿ ಫೋರ್ಮನ್ ಮಾಮ ಕೂತಿರುತ್ತಿದ್ದರು. ರೈಲು ಡಬ್ಬಿ ಕಾರ್ಖಾನೆಯ ವೆಲ್ಡಿಂಗ್ ಶಾಪಿನಲ್ಲಿ ಫೋರ್ಮನ್ ಆಗಿ ನಿವೃತ್ತರಾದವರು. ವಯಸ್ಸು ಎಪ್ಪತ್ತು ದಾಟಿದೆ. ನನ್ನ ಹಾಗೆ ಉಡುಪಿ ಕಡೆಯವರು. ನಾನು ಈ ಊರಿಗೆ ಬಂದ ಹೊಸತರಲ್ಲಿ ಭಾನುವಾರದ ಊಟಕ್ಕೆ ಮನೆಗೆ ಕರೆಯುತ್ತಿದ್ದವರು ಅವರೂ ಅತ್ತೆಯೂ. ಇಬ್ಬರೂ ಒಂದೇ ಹಾಡಿನ ಪುಸ್ತಕ ಹಿಡಿದು ಹಾಡುತ್ತಿದ್ದರು, ಮಾಮ ಕೆಳಗಿನ ಸ್ವರದಲ್ಲಿ, ಅತ್ತೆ ಮೇಲಿನದರಲ್ಲಿ. ಅತ್ತೆ ತೀರಿಹೋಗಿ ನಾಲ್ಕು ವರ್ಷವಾಯಿತು. ಮಾಮ ಈಗಲೂ ಪುಸ್ತಕವನ್ನು ಸ್ವಲ್ಪ ಎಡಕ್ಕೆ, ಖಾಲಿ ಕುರ್ಚಿಯ ಕಡೆಗೆ ಓರೆಮಾಡಿಯೇ ಹಿಡಿಯುತ್ತಾರೆ.

ಆ ಶುಕ್ರವಾರ ಪಾಪದ ಅರಿಕೆಯ ಪ್ರಾರ್ಥನೆ ನಡೆಯುವಾಗ ಮಾಮನ ಕೈ ನಡುಗತೊಡಗಿತು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು, ತುಟಿ ಏನೋ ಹೇಳುತ್ತಿದೆ. ನಮ್ಮದು ಚಪ್ಪಾಳೆ ತಟ್ಟದ, ಆಮೆನ್ ಅನ್ನೂ ಮೆಲ್ಲಗೆ ಹೇಳುವ ಸಭೆ. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಊಟದ ಸಾಲಿನಲ್ಲಿ ಒಬ್ಬಾಕೆ ಪಿಸುಗುಟ್ಟಿದಳು: "ಮಾಮನನ್ನು ಪವಿತ್ರಾತ್ಮ ಮುಟ್ಟಿದ್ದು ನೋಡಿದಿರಾ?" ನಾನೂ ನೋಡಿದ್ದೆ. ನೋಡಿ, ಅಕ್ಕಿ ಹಾಕಿದ್ದೆ.

ಅಕ್ಕಿಯ ಗುಟ್ಟು ಮಾತ್ರ ಅವತ್ತೇ ಬಯಲಾಯಿತು. ಬೆಳಿಗ್ಗೆಯಿಂದ ಹಸಿದವರು ಮೊದಲ ಹತ್ತು ನಿಮಿಷ ಮಾತಿಲ್ಲದೆ ಉಂಡರು. ಹೊಟ್ಟೆ ಸಾಕು ಎನ್ನುವ ಹೊತ್ತಿಗೆ ಮೂರನೇ ಸಲ ಬಡಿಸಿ ಆಗಿತ್ತು. ಮೇಲೆ ಕೇಸರಿಬಾತ್. ಉಪವಾಸ ಬಿಡುವಾಗ ಸಿಹಿ ಬೇಕು ಎನ್ನುವುದು ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ಅದನ್ನು ಮುರಿದವರನ್ನಂತೂ ನಾನು ಕಾಣಲಿಲ್ಲ. ಉಂಡವರು ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹೋದರು.

ಎರಡನೇ ಶುಕ್ರವಾರ ನಾನು ವ್ಯಾಪಾರಿಯ ಬುದ್ಧಿ ಓಡಿಸಿದೆ. ಅಕ್ಕಿ ಏಳು ಕೆಜಿ. ಸೌಟು ಚಿಕ್ಕದು. ಕೇಸರಿಬಾತ್ ರದ್ದು. ಒಂದೂಕಾಲಕ್ಕೆ ಅನ್ನ ಮುಗಿಯಿತು. ಒಂದೂವರೆಗೆ ನಮ್ಮ ಅರ್ಧ ಸಭೆ ಮೂಲೆಯ ಬಿರಿಯಾನಿ ಅಂಗಡಿಯ ಮುಂದೆ ನಿಂತಿತ್ತು, ಕಂಕುಳಲ್ಲಿ ಹಾಡಿನ ಪುಸ್ತಕ.

ನನ್ನ ಜೊತೆ ಅಡಿಗೆ ನೋಡಿಕೊಳ್ಳುತ್ತಿದ್ದವರು ನಮ್ಮ ಸ್ತ್ರೀಯರ ಕೂಟದ ಅಧ್ಯಕ್ಷೆ, ನಿವೃತ್ತ ನರ್ಸ್. ಗದಗ ಕಡೆಯವರು. ಸಭೆಯಲ್ಲಿ ಎಲ್ಲರಿಗೂ ಅವರು ಸಿಸ್ಟರ್. ಚೆನ್ನೈಗೆ ಬಂದು ಮೂವತ್ತು ವರ್ಷವಾದರೂ ಮಾತು ಗದಗ ಬಿಟ್ಟು ಕದಲಿಲ್ಲ.

"ಏನ್ರೀ ಸಾಹುಕಾರ್ರ, ಕಾಯಿಪಲ್ಯೆ ತೂಗೋ ತಕ್ಕಡ್ಯಾಗ ಮಂದಿ ಹೊಟ್ಟಿ ತೂಗ್ತೀರೇನು? ಮುಂಜಾನೆಯಿಂದ ಹಸದವರಿಗೆ ಒಂದ್ ಸೌಟು ಅನ್ನ ಹಾಕಿದ್ರ ಅವರು ಬಿರಿಯಾನಿ ತಿನ್ನದ ಏನ್ ಮಾಡ್ಯಾರು?"

"ಸಿಸ್ಟರ್, ಮಿತ ಅಂದ್ರೆ ಕಡಿಮೆ ಅಲ್ವಾ?"

"ಕಡಿಮಿ ಅಂದ್ರ ಕಡಿಮಿ. ಮಿತ ಅಂದ್ರ ಸಾಕಾಗುವಷ್ಟು. ಎರಡೂ ಒಂದ ಅನ್ಕೊಂಡಾರ ಇವ್ರು."

ಮೂರನೇ ಶುಕ್ರವಾರ ಅವರ ಮಾತು ಹಿಡಿದುಕೊಂಡು ಕ್ರಮ ಬದಲಿಸಿದೆ. ಮೊದಲು ಸೌತೆಕಾಯಿ ಹೆಸರುಬೇಳೆ ಕೋಸಂಬರಿ, ಒಂದು ಲೋಟ ನೀರು ಮಜ್ಜಿಗೆ. ಹತ್ತು ನಿಮಿಷ ಬಿಟ್ಟು ಅನ್ನ. ಹಸಿದವನ ಮುಂದೆ ಮೊದಲು ಅನ್ನ ಇಡಬೇಡಿ, ನಿಮ್ಮ ಮನೆಯಲ್ಲೂ ಪರೀಕ್ಷಿಸಿ ನೋಡಬಹುದು. ಎಂಟು ಕೆಜಿಯಲ್ಲಿ ಎಲ್ಲರಿಗೂ ಸಾಕಾಯಿತು, ಬಿರಿಯಾನಿ ಅಂಗಡಿಯವನು ದಾರಿ ಕಾಯುತ್ತ ನಿಂತ. ನಾನು ಬೀಗುತ್ತ ಪಾತ್ರೆ ಎಣಿಸಬೇಕಾಗಿತ್ತು. ಆದರೆ ಅವತ್ತು ಬೆಳಿಗ್ಗೆ ಕಂಡದ್ದೊಂದು ತಲೆಯಲ್ಲಿ ಕೂತು ಕೊರೆಯುತ್ತಿತ್ತು.

ಆ ದಿನ ಬರಬೇಕಿದ್ದ ಅತಿಥಿ ಪ್ರಸಂಗಿಗಳು ಬಂದಿರಲಿಲ್ಲ. ಕಾರ್ಯಕ್ರಮ ಹಿಂದೆ ಮುಂದಾಯಿತು. ಕೊನೆಯಲ್ಲಿ ಓದುವ ಪ್ರಕಟಣೆಗಳನ್ನು ಕಾರ್ಯದರ್ಶಿ ನಡುವೆಯೇ ಓದಿದರು. ಹಾಲಿನ ಕುರ್ಚಿಗಳು ಮುರಿದಿವೆ, ಐವತ್ತು ಕುರ್ಚಿ ಬಾಡಿಗೆಗೆ ತರಬೇಕು, ಹ್ಯಾಂಡಲ್ ಇರುವುದು ಬೇಡ ಎಂದು ಅವರು ಓದುತ್ತಿರುವಾಗ ಎರಡನೇ ಸಾಲಿನಲ್ಲಿ ಮಾಮನ ಕೈ ನಡುಗತೊಡಗಿತು. ಅದೇ ಬೆವರು, ಅದೇ ಕಣ್ಣೀರು. ಹಿಂದೆ ಕೂತವರು ಗೊಂದಲಕ್ಕೆ ಬಿದ್ದರು. ಒಬ್ಬಾಕೆ ಮಾತ್ರ ಧೈರ್ಯ ಮಾಡಿ "ಸ್ತೋತ್ರ" ಎಂದಳು. ಕಾರ್ಯದರ್ಶಿ ತಮ್ಮ ಕುರ್ಚಿಗಳಿಗೇ ಸ್ತೋತ್ರ ಬಂತೆಂದು ತಲೆಯೆತ್ತಿ ನೋಡಿದರು.

ನಾನು ಗಡಿಯಾರ ನೋಡಿದೆ. ಹನ್ನೊಂದೂಕಾಲು.

ಮೊದಲ ವಾರ ಅಕ್ಕಿ ಹಾಕುವ ಹೊತ್ತು, ಅರಿಕೆಯ ಪ್ರಾರ್ಥನೆ. ಎರಡನೇ ವಾರವೂ ಮಾಮ ನಡುಗಿದ್ದರು; ಆಗ ಕೂಟ ತಡವಾಗಿ ಸುರುವಾಗಿ ಹಾಡು ನಡೆಯುತ್ತಿತ್ತು, ಅಕ್ಕಿ ಹಾಕಿ ಕೈ ತೊಳೆಯುವಾಗ, ಎಂದರೆ ಹನ್ನೊಂದು ಇಪ್ಪತ್ತು. ಮೂರನೆಯದು ಕುರ್ಚಿ. ಹಾಲಿನಲ್ಲಿ ಏನು ನಡೆಯುತ್ತಿದ್ದರೂ ನಡುಕ ಬರುವುದು ಗಡಿಯಾರ ನೋಡಿಕೊಂಡು. ಒಂದು ಬಿಲ್ಲಿನ ಹಿಂಬದಿಯಲ್ಲಿ ಮೂರನ್ನೂ ಬರೆದುಕೊಂಡೆ. ಆ ನಡುಕವನ್ನು ಬೇರೆಲ್ಲೋ ನೋಡಿದ್ದೇನೆ ಎಂದು ಆಗಲೇ ಅನಿಸಿತ್ತು. ಎಲ್ಲಿ ಎಂಬುದು ಮರುದಿನ ಮಾರುಕಟ್ಟೆಯಲ್ಲಿ ನೆನಪಾಯಿತು.

ನಮ್ಮ ಸಾಲಿನಲ್ಲಿ ಮೂಟೆ ಹೊರುವವನೊಬ್ಬನಿಗೆ ಸಕ್ಕರೆ ಕಾಯಿಲೆ. ಲಾರಿ ತಡವಾಗಿ ಬಂದು ಅವನ ತಿಂಡಿ ತಪ್ಪಿದ ದಿನ ಹೀಗೇ ಬೆವೆತು, ನಡುಗಿ, ಸಂಬಂಧವಿಲ್ಲದ ಮಾತಾಡಿ, ಅತ್ತೂಬಿಡುತ್ತಾನೆ. ಜೊತೆಯವರು ಬಾಯಿಗೆ ಬಾಳೆಹಣ್ಣು ತುರುಕುತ್ತಾರೆ. ಅವನನ್ನೇ ಕೇಳಿದೆ. ಈರುಳ್ಳಿ ಮೂಟೆಗೆ ಒರಗಿಕೊಂಡು ನಕ್ಕ.

"ಮಾತ್ರೆ ಪೋಟ್ಟುಟ್ಟು ಸಾಪ್ಪಿಡಲೇನಾ ಇಪ್ಪಡಿದಾನ್ ಅಣ್ಣಾ. ಕೈ ಕಾಲ್ ಎಲ್ಲಾಂ ಡ್ಯಾನ್ಸ್ ಆಡುಂ."

ಮಾತ್ರೆ ನುಂಗಿ ಊಟ ಬಿಟ್ಟರೆ ಕೈಕಾಲು ಕುಣಿಯುತ್ತದೆ. ಅಷ್ಟೇ ವಿಷಯ.

ಅದೇ ಸಂಜೆ ಒಂದು ಚೀಲ ಹೀರೆಕಾಯಿ ಹಿಡಿದುಕೊಂಡು ಮಾಮನ ಮನೆಗೆ ಹೋದೆ. ಸುತ್ತಿ ಬಳಸಿ ದಿನಚರಿ ಕೇಳಿದೆ. ಮಾಮ ಹೆಮ್ಮೆಯಿಂದ ಹೇಳಿದರು. ಐದಕ್ಕೆ ಏಳುವುದು, ನಡೆಯುವುದು, ಏಳಕ್ಕೆ ಸಕ್ಕರೆ ಕಾಯಿಲೆಗೆ ಈ ವರ್ಷ ಸುರುವಾದ ಮಾತ್ರೆ.

"ಒಂದು ದಿವಸ ಸಹ ಬಿಡ್ಬಾರ್ದು ಅಂತ ಡಾಕ್ಟ್ರು ಹೇಳಿದ್ದು. ನಾನು ಒಂದು ದಿವಸ ಸಹ ಬಿಟ್ಟದ್ದಿಲ್ಲ."

"ಶುಕ್ರವಾರ?"

"ಶುಕ್ರವಾರವೂ. ಮಾತ್ರೆ ಎಂತ, ಊಟವಾ? ಎರಡು ಗುಟುಕು ನೀರು. ಉಪವಾಸ ಮುರಿಯುದಿಲ್ಲ."

ವೈದ್ಯರ ಮಾತನ್ನೂ ಬಿಡದ, ಉಪವಾಸವನ್ನೂ ಬಿಡದ ಮನುಷ್ಯ. ಎರಡೂ ಶಿಸ್ತು ಸೇರಿ ಅವರನ್ನು ನೆಲಕ್ಕೆ ಕೆಡವಲು ಹೊಂಚುಹಾಕುತ್ತಿದ್ದವು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು.

"ನಿನ್ನ ಹತ್ರ ಹೇಳ್ತೇನೆ, ಯಾರಿಗೂ ಹೇಳ್ಬೇಡ. ಅವಳು ಹೋದ ಮೇಲೆ ನನ್ನ ಪ್ರಾರ್ಥನೆ ಗೋಡೆಗೆ ಮಾತಾಡಿದ ಹಾಗೆ ಆಗಿತ್ತು ಮಾರಾಯ. ನಾಲ್ಕು ವರ್ಷ. ಈ ಲೆಂಟಿನಲ್ಲಿ ಪ್ರತಿ ಶುಕ್ರವಾರ ಯಾರೋ ಹೆಗಲ ಮೇಲೆ ಕೈ ಇಟ್ಟ ಹಾಗೆ ಆಗ್ತದೆ. ಮೈಯೆಲ್ಲ ನಡುಗ್ತದೆ."

ಹೀರೆಕಾಯಿ ಎಳೆಯದಿದೆ, ಇವತ್ತೇ ಮಾಡಿಸಿ ಎಂದು ಹೇಳಿ ಎದ್ದು ಬಂದೆ. ಕೊಳೆತ ಮಾಲನ್ನು ಮುಖಕ್ಕೆ ಹೇಳಿ ವಾಪಸು ಮಾಡುವವನು ನಾನು. ಅಂಥವನು ಅವತ್ತು ಸುಮ್ಮನಾದೆ. ಇಡೀ ಸಂಗತಿಯಲ್ಲಿ ನನ್ನ ದೊಡ್ಡ ತಪ್ಪು ಇದೇ.

ಸುಮ್ಮನಿರುವುದರ ಬದಲು ಉಪಾಯ ಮಾಡಿದೆ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ. ನಾಲ್ಕನೇ ಶುಕ್ರವಾರ ಬಿಸಿಲಿನ ನೆಪ ಹೇಳಿ ಹನ್ನೊಂದು ಗಂಟೆಗೆ ಎಲ್ಲರಿಗೂ ಸಕ್ಕರೆ ಹಾಕಿದ ನಿಂಬೆಹಣ್ಣಿನ ಪಾನಕ ಕಳಿಸಿದೆ. ಕಿಂಡಿಯಿಂದ ನೋಡುತ್ತಿದ್ದೆ. ಐವತ್ತೊಂಬತ್ತು ಜನ ಕುಡಿದರು. ಮಾಮ ಲೋಟವನ್ನು ಮೂಸಿ, ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟರು.

ಹನ್ನೊಂದೂವರೆಗೆ ಹಾಡಿಗೆಂದು ಎಲ್ಲರೂ ಎದ್ದಾಗ ಮಾಮನೂ ಎದ್ದರು, ಎದ್ದವರು ಓರೆಯಾಗಿ ಬಿದ್ದರು. ಹಣೆ ಮುಂದಿನ ಕುರ್ಚಿಯ ಅಂಚಿಗೆ ತಾಗಿ ರಕ್ತ ಬಂತು. ಒಂದಿಬ್ಬರು ಮುಟ್ಟಬೇಡಿ, ಆತ್ಮದ ಕಾರ್ಯ ಎಂದು ಕೈ ಅಡ್ಡ ಹಿಡಿದರು. ಸಿಸ್ಟರ್ ಅವರನ್ನು ಮೊಣಕೈಯಲ್ಲಿ ಸರಿಸಿ, ಚೀಲದಿಂದ ಸಕ್ಕರೆ ನೋಡುವ ಯಂತ್ರ ತೆಗೆದು ಬೆರಳು ಚುಚ್ಚಿದರು. ನಲವತ್ತೆಂಟು. ಎಪ್ಪತ್ತಕ್ಕಿಂತ ಕೆಳಗೆ ಇಳಿದರೇ ಹೆದರಬೇಕು ಎಂದು ಆಮೇಲೆ ಹೇಳಿದರು. ಮಾಮನಿಗೆ ಪೂರ್ತಿ ಪ್ರಜ್ಞೆ ತಪ್ಪಿರಲಿಲ್ಲ, ಬಾಯಿಗಿಟ್ಟದ್ದನ್ನು ನುಂಗುತ್ತಿದ್ದರು. ಕುರ್ಚಿಯ ಮೇಲಿದ್ದ ಅದೇ ಪಾನಕಕ್ಕೆ ಇನ್ನೆರಡು ಚಮಚ ಸಕ್ಕರೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಮಾಮ ನನ್ನ ಹೆಸರು ಹಿಡಿದು ಕರೆದರು.

ಮಾಮನ ಮಗಳು ಅಡ್ಯಾರಿನ ಒಂದು ಶಾಲೆಯಲ್ಲಿ ಟೀಚರ್. ಇಲ್ಲೇ ಹುಟ್ಟಿ ತಮಿಳಿನಲ್ಲಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಆಟೋದಲ್ಲಿ ಬಂದವಳು ಅಪ್ಪನ ಹಣೆಯ ಬ್ಯಾಂಡೇಜು ನೋಡಿದಳು, ನಮ್ಮೆಲ್ಲರನ್ನೂ ನೋಡಿದಳು.

"ಅಪ್ಪಾ, ಪೋದುಂ. ಇನಿಮೇಲ್ ಫ್ರೈಡೇ ಕಿಡೈಯಾದು."

ಸಾಕು, ಇನ್ನು ಶುಕ್ರವಾರ ಇಲ್ಲ. ಮಾಮ ನನ್ನ ಕಡೆ ನೋಡಿದರು, ನಾನೇನಾದರೂ ಹೇಳಿಯೇನು ಎಂಬಂತೆ. ಶುಕ್ರವಾರ ಇಲ್ಲ ಎಂದರೆ ಹೆಗಲ ಮೇಲಿನ ಕೈ ಇಲ್ಲ. ಶುಕ್ರವಾರ ಹೀಗೇ ಮುಂದುವರಿದರೆ ಮಾಮನೇ ಇರುವುದಿಲ್ಲ. ಆ ಎರಡರ ನಡುವೆ ಒಂದು ದಾರಿ ಹುಡುಕುವುದು ನನ್ನ ಕೆಲಸ ಎಂದು ಆಗ ನಿಶ್ಚಯಿಸಿದೆ. ಅದಕ್ಕೆ ಮೊದಲು ಸತ್ಯ ಹೇಳಬೇಕಿತ್ತು, ಅದೂ ಮುಖಕ್ಕೆ.

ಮರುದಿನ ಸಿಸ್ಟರನ್ನು ಕರೆದುಕೊಂಡು ಮಾಮನ ಮನೆಗೆ ಹೋದೆ. ಮಗಳೂ ಇದ್ದಳು.

"ಎಂತ ಹೇಳ್ಲಿಕ್ಕೆ ಬಂದದ್ದು, ನೇರ ಹೇಳು. ಹೋದ ವಾರದ ಹಾಗೆ ಹೀರೆಕಾಯಿ ಕೊಟ್ಟು ಓಡ್ಬೇಡ," ಎಂದರು ಮಾಮ.

ಬಿಲ್ಲಿನ ಚೀಟಿ ತೆಗೆದೆ. "ಮೊದಲ ಶುಕ್ರವಾರ ಅರಿಕೆ ಪ್ರಾರ್ಥನೆ ಆಗುವಾಗ, ಹನ್ನೊಂದೂಕಾಲು. ಎರಡನೇದು ಹಾಡು ಆಗುವಾಗ, ಹನ್ನೊಂದು ಇಪ್ಪತ್ತು. ಮೂರನೇದು..."

"ಮೂರನೇದು?"

"ಕುರ್ಚಿ ಬಾಡಿಗೆಯ ಪ್ರಕಟಣೆ ಆಗುವಾಗ, ಮಾಮ. ಹನ್ನೊಂದೂಕಾಲು."

ಮಗಳು ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಮಾಮ ನಗಲಿಲ್ಲ.

"ದೇವರಿಗೆ ಕುರ್ಚಿ ಬಾಡಿಗೆ ಆಗುವಾಗ ಬರ್ಲಿಕ್ಕೆ ಆಗುದಿಲ್ಲ ಅಂತ ನೀನು ಹೇಳುದಾ?"

"ಬರ್ಲಿಕ್ಕೆ ಆಗ್ತದೆ ಮಾಮ. ಆದ್ರೆ ಪ್ರತಿ ವಾರ ಮಾತ್ರೆ ತಿಂದು ನಾಲ್ಕು ಗಂಟೆ ಕಳೆದ ಮೇಲೆಯೇ ಬರುದು ಯಾಕೆ?"

ಮಾಮ ಬಹಳ ಹೊತ್ತು ಚೀಟಿ ನೋಡಿದರು. ವೆಲ್ಡಿಂಗ್ ಜೋಡಣೆಯಲ್ಲಿ ಬಿರುಕು ಹುಡುಕುತ್ತ ಬದುಕು ಕಳೆದವರು, ಅಳತೆ ಕಂಡರೆ ತಳ್ಳಿಹಾಕುವ ಜಾಯಮಾನ ಅಲ್ಲ. ಆಮೇಲೆ ಕೇಳಿದರು:

"ಹಾಗಾದ್ರೆ ಆ ಕೈ ಯಾರದ್ದು? ಮಾತ್ರೆಯದ್ದಾ?"

ನಾನು ಸಿಸ್ಟರ್ ಕಡೆ ತಿರುಗಿದೆ. ಸಿಸ್ಟರ್ ಹೇಳಿದರು.

"ಕೈ ಯಾರದೋ ಅದು ನನಗ ಗೊತ್ತಿಲ್ರೀ ಮಾಮಾ, ನಾ ಹೇಳಂಗಿಲ್ಲ. ನಡುಕ ಮಾತ್ರ ಸಕ್ಕರೀದು. ಎರಡನ್ನೂ ಬ್ಯಾರೆ ಮಾಡಿ ನೋಡೋಣು. ಕೈ ಖರೇನ ಇದ್ರ ಗಂಜಿ ಕುಡದ್ರೂ ಇರತೈತಿ."

ಸಿಸ್ಟರ್ ಚೀಲದಿಂದ ತೆಗೆದ ಯಂತ್ರ ಕಂಡು ಮಾಮ ಮುಖ ತಿರುಗಿಸಿದರು. ಸಿಸ್ಟರ್ ನನ್ನ ಕಡೆ ತಿರುಗಿದರು. "ಮೊದಲ ನಿಮ್ಮ ಬೆರಳು ಕೊಡ್ರಿ ಸಾಹುಕಾರ್ರ, ಮಾಮಾರಿಗೆ ಧೈರ್ಯ ಬರ್ಲಿ."

ನನ್ನದು ಇನ್ನೂರ ಹತ್ತು. ಬೆಳಗಿನ ಜಾವದಿಂದ ಸಕ್ಕರೆ ಹಾಕಿದ ಎಂಟು ಟೀ, ಹನ್ನೊಂದು ಗಂಟೆಗೆ ಹೋಟೆಲಿನವರು ಪ್ರೀತಿಯಿಂದ ಕೊಡುವ ಮಸಾಲೆ ದೋಸೆ, ಇದೇ ನನ್ನ ದಿನಚರಿ.

"ಈಗಷ್ಟೇ ಟೀ ಕುಡಿದದ್ದು ಸಿಸ್ಟರ್, ಒಂದು ಮೂವತ್ತು ಕಳೀರಿ," ಎಂದೆ.

"ಇಲ್ಲೂ ಚೌಕಾಶಿ! ಬದನಿಕಾಯಿ ಏನ್ರೀ ಇದು?"

ಈಗ ಮಾಮ ನಕ್ಕರು. ನಕ್ಕು, ತಮ್ಮ ಬೆರಳು ಮುಂದೆ ಚಾಚಿದರು.

ಮಾತ್ರೆಯ ಹೊತ್ತನ್ನೂ ಅಳತೆಯನ್ನೂ ಅವರ ವೈದ್ಯರೇ ಬದಲಿಸಿದರು, ಊಟವಿಲ್ಲದೆ ಮುಟ್ಟಬಾರದು ಎಂದರು. ಆ ಭಾಗಕ್ಕೆ ನಾನು ಬಾಯಿ ಹಾಕಲಿಲ್ಲ, ನೀವೂ ಹಾಕಬೇಡಿ. ನನ್ನ ಪಾಲಿನ ವ್ಯಾಪಾರ ಮಗಳ ಜೊತೆ. ಬೆಳಿಗ್ಗೆ ಮಾಮನಿಗೆ ಒಂದು ಲೋಟ ಗಂಜಿ, ಅದರೊಂದಿಗೆ ಮಾತ್ರೆ, ಹನ್ನೊಂದಕ್ಕೆ ಸಿಸ್ಟರ್ ಬೆರಳು ನೋಡುತ್ತಾರೆ, ಶುಕ್ರವಾರಕ್ಕೆ ಕಳಿಸು ಎಂದೆ. ಅವಳು ಬಗ್ಗಲಿಲ್ಲ.

"ಅಂಕಲ್, ಅಪ್ಪಾ ಮಟ್ಟುಂ ಕುಡಿಚ್ಚಾ ಎಲ್ಲಾರುಂ ಪಾರ್ಪಾಂಗ. ಟೂ ವೀಕ್ಸ್‌ಲೇ ವಿಟ್ಟುಡುವಾರು."

ಅವಳು ಹೇಳಿದ್ದು ನಿಜ. ಉಪವಾಸದ ಸಭೆಯಲ್ಲಿ ಅಪ್ಪನೊಬ್ಬನೇ ಗಂಜಿ ಕುಡಿದರೆ ಎಲ್ಲರೂ ನೋಡುತ್ತಾರೆ. ನಾಚಿಕೆಯಿಂದ ಎರಡೇ ವಾರದಲ್ಲಿ ಬಿಟ್ಟುಬಿಡುತ್ತಾರೆ. ಎಲ್ಲರೂ ಕುಡಿಯುವುದಾದರೆ ಕಳಿಸುತ್ತೇನೆ, ನಾನೂ ಬಂದು ನೋಡುತ್ತೇನೆ ಎಂಬುದು ಅವಳ ಕೊನೆಯ ಮಾತು. ಅಪ್ಪನನ್ನು ನನಗಿಂತ ಚೆನ್ನಾಗಿ ಅಳೆದಿದ್ದಳು.

ಆ ಸಂಜೆಯೇ ಅಯ್ಯನವರ ಮನೆಗೆ ಹೋದೆ. ಕೇಳಿ ಅವರು ಕನ್ನಡಕ ತೆಗೆದಿಟ್ಟರು.

"ಉಪವಾಸದ ಕೂಟಾನ ಊಟದಿಂದ ಶುರು ಮಾಡೋದಾ? ಹಿರಿಯರು ನನ್ನ ಸುಮ್ನೆ ಬಿಡ್ತಾರಾ?"

"ಈಗ ಊಟದಿಂದ ಮುಗೀತಾ ಉಂಟಲ್ಲ ಅಯ್ಯನವರೆ. ಅದನ್ನೇ ಎರಡು ಪಾಲು ಮಾಡುದು. ಬೆಳಿಗ್ಗೆ ಒಂದು ಲೋಟ ಗಂಜಿ, ಮಧ್ಯಾಹ್ನ ಒಂದೇ ಸಲ ಬಡಿಸುದು. ಗಂಜಿಗೆ ಎರಡು ಕೆಜಿ, ಊಟಕ್ಕೆ ನಾಲ್ಕು. ಮೊದಲು ಹನ್ನೊಂದು ಹೋಗ್ತಿತ್ತು. ಯಾವುದು ಹೆಚ್ಚು ಉಪವಾಸ, ನೀವೇ ಹೇಳಿ."

"ನನ್ನ ಹತ್ರಾನೂ ವ್ಯಾಪಾರ ಮಾಡ್ತಿದ್ದೀರಲ್ಲ ನೀವು," ಎಂದು ನಕ್ಕರು. ಕನ್ನಡಕ ಮತ್ತೆ ಹಾಕಿಕೊಂಡು ದನಿ ತಗ್ಗಿಸಿದರು. "ನಿಜ ಹೇಳ್ಲಾ? ನನಗೂ ಗ್ಯಾಸ್ಟ್ರಿಕ್ ಇದೆ. ಹನ್ನೊಂದರ ಮೇಲೆ ಪ್ರಸಂಗದಲ್ಲಿ ಏನ್ ಹೇಳ್ತಿದ್ದೀನಿ ಅಂತ ನನಗೇ ಗೊತ್ತಾಗ್ತಿರಲಿಲ್ಲ. ಹಸಿವನ್ನ ದೇವರಿಗೆ ಕೊಟ್ಟೆ ಅಂದ್ಕೊಂಡು, ಗಮನಾನೂ ಹಸಿವಿಗೇ ಕೊಟ್ಟುಬಿಟ್ಟ ಹಾಗಾಗಿತ್ತು."

ಯಾವ ಗಂಜಿ ಎನ್ನುವುದರ ಮೇಲೆ ಇನ್ನೊಂದು ಸುತ್ತು. ಸಿಸ್ಟರಿಗೆ ಜೋಳದ ಅಂಬಲಿ ಆಗಬೇಕು, ಮಾಮನಿಗೂ ನನಗೂ ಕುಚ್ಚಲಕ್ಕಿ. ಕೊನೆಗೆ ಕುಚ್ಚಲಕ್ಕಿಯ ಜೊತೆ ಸಮಪಾಲು ಹೆಸರುಕಾಳು ಹಾಕುವುದೆಂದು ಒಪ್ಪಂದವಾಯಿತು. ಕಾಳು ಬಿದ್ದರೆ ಸಕ್ಕರೆ ಧಡಕ್ಕನೆ ಏರುವುದಿಲ್ಲ, ಹೊಟ್ಟೆ ಬಹಳ ಹೊತ್ತು ತಡೆಯುತ್ತದೆ ಎಂದು ಸಿಸ್ಟರ್ ಹೇಳಿದರು. ಅಳತೆಗೆ ಹೋಟೆಲಿನಿಂದ ಒಂದೇ ಗಾತ್ರದ ಅರವತ್ತು ಸ್ಟೀಲ್ ಲೋಟ ತಂದೆ. ಲೋಟ ಒಂದೇ ಗಾತ್ರದ್ದಿದ್ದರೆ ಪಕ್ಕದವನದನ್ನು ನೋಡುವ ಚಟ ತಪ್ಪುತ್ತದೆ.

ಐದನೇ ಶುಕ್ರವಾರ ಒಂಬತ್ತೂವರೆಗೆ ಅಯ್ಯನವರು ಎಲ್ಲರೆದುರು ಮೊದಲ ಲೋಟ ತಾವೇ ಕುಡಿದರು. ಎರಡು ಕುಟುಂಬ ಎದ್ದು ಹೋದವು. ಇದೆಂಥ ಉಪವಾಸ ಎಂದು ಬಾಗಿಲಲ್ಲೇ ಹೇಳಿ ಹೋದವು. ಉಳಿದವರು ಲೋಟ ಹಿಡಿದು ಒಬ್ಬರನ್ನೊಬ್ಬರು ನೋಡುತ್ತಿರುವಾಗ ಸಿಸ್ಟರ್ "ಕುಡೀರಿ, ಆರತೈತಿ" ಎಂದರು. ಮಾಮ ಮಾತ್ರೆ ಬಾಯಿಗೆ ಹಾಕಿ, ಕಷಾಯ ಕುಡಿಯುವ ಮುಖ ಮಾಡಿ, ಲೋಟ ಬರಿದು ಮಾಡಿದರು.

ಹನ್ನೊಂದೂಕಾಲಕ್ಕೆ ಅಕ್ಕಿ ಹಾಕಿ ಕಿಂಡಿಗೆ ಬಂದೆ. ಪ್ರಸಂಗ ನಡೆಯುತ್ತಿತ್ತು. ಮಾಮನ ಕೈ ಮೊಣಕಾಲ ಮೇಲೆ ಸುಮ್ಮನೆ ಇತ್ತು. ಸಿಸ್ಟರ್ ಯಂತ್ರ ನೋಡಿ ನನಗೆ ಬೆರಳಲ್ಲಿ ತೋರಿಸಿದರು: ನೂರ ಹನ್ನೆರಡು. ಗಡಿಯಾರ ಹನ್ನೊಂದು ಇಪ್ಪತ್ತು, ಇಪ್ಪತ್ತೈದು, ಹನ್ನೊಂದೂವರೆ ತೋರಿಸಿತು. ಏನೂ ಆಗಲಿಲ್ಲ. ನನಗೆ ಗೆದ್ದೆ ಅನಿಸಬೇಕಿತ್ತು. ಏನನ್ನೋ ಕದ್ದವನ ಹಾಗೆ ಅನಿಸಿತು.

ಊಟಕ್ಕೆ ಮಾಮ ಒಂದೇ ಸಲ ಬಡಿಸಿಕೊಂಡು ನನ್ನ ಹತ್ತಿರ ಬಂದು ನಿಂತರು.

"ಎಂತದ್ದೂ ಆಗ್ಲಿಲ್ಲ ಮಾರಾಯ."

"ಬೇಜಾರಾ ಮಾಮ?"

"ಬೇಜಾರೇ." ಅನ್ನ ಕಲಸಿದರು. "ಒಂದು ಹೇಳ್ತೇನೆ. ಅಯ್ಯನವರ ಪ್ರಸಂಗ ಅಷ್ಟು ಉದ್ದ ಅಂತ ನನಗೆ ಇಷ್ಟು ದಿವಸ ಗೊತ್ತಿರ್ಲಿಲ್ಲ."

ಆರನೇ ಶುಕ್ರವಾರ ಹೊರಟುಹೋಗಿದ್ದ ಎರಡು ಕುಟುಂಬದಲ್ಲಿ ಒಂದು ವಾಪಸು ಬಂತು. ಅಕ್ಕಿ ಆರು ಕೆಜಿಯಲ್ಲೇ ನಿಂತಿತು, ಊಟವಾದ ಮೇಲೆ ಕುರ್ಚಿಯಲ್ಲಿ ನಿದ್ದೆ ಮಾಡುವವರು ಕಡಿಮೆಯಾದರು. ನಾನು ಟೀಯನ್ನು ಎಂಟರಿಂದ ನಾಲ್ಕಕ್ಕೆ ಇಳಿಸಿದೆ. ಮೂರಕ್ಕೆ ಇಳಿಸಿ ಎಂದು ಸಿಸ್ಟರ್, ಮೂರೂವರೆ ಎಂದು ನಾನು, ಆ ಮಾತುಕತೆ ಇನ್ನೂ ನಡೆದಿದೆ. ಮಾಮನ ಗೋಡೆ ಮಾತ್ರ ಗೋಡೆಯಾಗಿಯೇ ಇತ್ತು.

ಏಳನೆಯದು ಶುಭ ಶುಕ್ರವಾರ, ಗುಡ್ ಫ್ರೈಡೇ. ಮಧ್ಯಾಹ್ನದ ಮೂರು ಗಂಟೆಯ ಆರಾಧನೆ ತಮಿಳು ಸಭೆಯದಾದ್ದರಿಂದ ನಮಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ ಸಿಕ್ಕಿತ್ತು. ಒಂಬತ್ತಕ್ಕೇ ಎಲ್ಲರಿಗೂ ಲೋಟ ಕೊಟ್ಟೆವು. ಆ ದಿನ ಮುಗಿದ ಮೇಲೂ ಗಂಜಿಯೇ, ಅನ್ನವಿಲ್ಲ. ಕೊಪ್ಪರಿಗೆಯ ಗಂಜಿಯನ್ನು ಕೈಬಿಡದೆ ತಿರುವುತ್ತಿರಬೇಕು, ಕಾಳು ತಳಕ್ಕೆ ಕೂತರೆ ಸೀಯುತ್ತದೆ. ತಿರುವುವ ಮರದ ಹುಟ್ಟು ಹಿಡಿದು ಕಿಂಡಿಯ ಹತ್ತಿರ ನಿಂತಿದ್ದೆ.

ಮಗಳು ಬಂದಿದ್ದಳು. ಕಾವಲಿಗೆ ಬಂದವಳ ಹಾಗೆ ಮಾಮನ ಎಡಗಡೆಯ ಖಾಲಿ ಕುರ್ಚಿಯಲ್ಲಿ ಕೂತಿದ್ದಳು. ಚೀಲದಲ್ಲಿ ಬಾಳೆಹಣ್ಣು, ಮಡಿಲಲ್ಲಿ ಫೋನು. ಶಿಲುಬೆಯ ಹಾಡಿಗೆ ಎಲ್ಲರೂ ಎದ್ದರು. ಮಾಮ ಪುಸ್ತಕ ತೆರೆದು ಅಭ್ಯಾಸದಂತೆ ಎಡಕ್ಕೆ ಓರೆಮಾಡಿದರು. ಅವಳು ಬಗ್ಗಿ ನೋಡಿದಳು.

"ಅಪ್ಪಾ, ಎನಕ್ಕು ಪಡಿಕ್ಕ ತೆರಿಯಾದೇ."

ತನಗೆ ಓದಲು ಬಾರದು ಎಂದಳು. ಮಾಮ ಬಲಗೈಯ ತೋರುಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟರು. ಹಾಡು ಸುರುವಾಯಿತು. ಒಂದೊಂದು ಅಕ್ಷರ ಬಾಯಿಂದ ಹೊರಡುವಾಗ ಬೆರಳು ಅದರ ಅಡಿಯಲ್ಲಿ ಸರಿಯುತ್ತಿತ್ತು, ವೆಲ್ಡರನ ಬೆರಳು, ಗೆರೆ ಎಳೆದ ಹಾಗೆ, ಒಂದಿಷ್ಟೂ ಅಲುಗದೆ. ಅವಳು ಬೆರಳನ್ನೂ ಅಪ್ಪನ ತುಟಿಯನ್ನೂ ನೋಡುತ್ತ, ಅರ್ಧ ಶಬ್ದ ಹಿಂದೆ ಬಿದ್ದು, ಹಾಡಿದಳು. ಎರಡನೇ ಚರಣಕ್ಕೆ ಅವಳ ದನಿ ಮೇಲಿನ ಸ್ವರಕ್ಕೆ ಏರಿತು, ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕೇಳಿದ್ದು ಎಲ್ಲೋ ಉಳಿದಿತ್ತೇನೋ. ಮಾಮ ಒಮ್ಮೆ ಹಾಡು ನಿಲ್ಲಿಸಿದರು. ಬೆರಳು ನಿಲ್ಲಲಿಲ್ಲ. ಮೂರನೇ ಚರಣಕ್ಕೆ ಅವರ ಕೆಳಗಿನ ಸ್ವರ ಮತ್ತೆ ಬಂದು ಸೇರಿತು.

ಹಿಂದಿನಿಂದ ಸಿಸ್ಟರ್ ಕೂಗಿದರು. "ರೀ ಸಾಹುಕಾರ್ರ, ವಾಸನಿ ಬರ್ಲಿಕ್ಕತ್ತೈತಿ!"

ತಿರುಗಿ ಗಡಿಯಾರ ನೋಡಿದೆ. ಹನ್ನೊಂದೂವರೆ ದಾಟಿತ್ತು. ಏಳು ಶುಕ್ರವಾರಗಳಲ್ಲಿ ಅದೊಂದು ದಿನ ನಾನು ಹನ್ನೊಂದೂಕಾಲನ್ನು ನೋಡಿರಲಿಲ್ಲ. ಗಂಜಿ ತಳ ಹಿಡಿದಿತ್ತು. ಮಧ್ಯಾಹ್ನ ಅದನ್ನೇ ಬಡಿಸಿದೆವು. ಮಾಮ ಒಂದು ಲೋಟ ಕುಡಿದು, ಸೀದ ವಾಸನೆಗೆ ಮೂಗು ಮುರಿದು, ಸಾಕು ಎಂದು ಲೋಟ ಕವುಚಿಟ್ಟರು.